ನಲವತ್ತೈದು ದಾಟಿದವರ ಕರಿಕೋಟು

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತದೆಯೇ ಅರ್ಧ ಕಾನೂನು ಓದಿಕೊಂಡವರು ಊರೂರಿಗೂ ಸಿಗುತ್ತಾರೆ. ಹೇಮಾವತಿ ನಾಲೆಗೆ ಜಮೀನು ಬಿಟ್ಟುಕೊಟ್ಟ ಮನೆಗಳವರು ಭೂಸ್ವಾಧೀನ ಅಂದರೇನು, ಪರಿಹಾರ ಕಡಿಮೆಯಾಯಿತೆಂದು ಎಲ್ಲಿ ಕೇಳಬೇಕು ಎಂಬುದನ್ನು ಕೋರ್ಟಿನ ಜಗಲಿಯ ಮೇಲೆ ಕೂತೇ ಕಲಿತರು. ಆಮೇಲೆ ಹೆದ್ದಾರಿ ಅಗಲವಾಯಿತು. ರೈಲು ಬಂತು, ಶ್ರವಣಬೆಳಗೊಳದ ಮೇಲೆ ಹಾಯುವ ಬೆಂಗಳೂರು–ಹಾಸನ ಮಾರ್ಗದಲ್ಲಿ ಗಾಡಿ ಓಡಿದ್ದು 2017ರ ಮಾರ್ಚ್‌ನಲ್ಲಿ. ಅಷ್ಟರೊಳಗೆ ಮತ್ತೊಂದು ತಲೆಮಾರು ಅದೇ ಪಾಠವನ್ನು 2013ರ ಹೊಸ ಭೂಸ್ವಾಧೀನ ಕಾಯ್ದೆಯ ಭಾಷೆಯಲ್ಲಿ ಒಪ್ಪಿಸಿಯಾಗಿತ್ತು. ಇದ್ಯಾವುದೂ ತಾಗದ ಮನೆಯಲ್ಲೂ ಪೋಡಿಯಾಗದ ಒಂದು ಸರ್ವೆ ನಂಬರು, 11ಇ ನಕ್ಷೆಗೆ ಕಾದು ನಿಂತ ಒಂದು ಭಾಗ, ಬಗರ್‌ಹುಕುಂ ಎಂದು ಹಾಕಿಟ್ಟ ನಮೂನೆ 57ರ ಅರ್ಜಿ, ಅಣ್ಣತಮ್ಮಂದಿರ ನಡುವೆ ಒಂದು ಸಾಲು ತೆಂಗಿನ ತಕರಾರು ಇದ್ದೇ ಇರುತ್ತದೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ ಎಂದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅಜ್ಜಿಯೂ ಹೇಳಬಲ್ಲಳು.

ಹಾಗಾಗಿ ಈ ಸೀಮೆಯಲ್ಲಿ ನಲವತ್ತು ದಾಟಿದವರಿಗೆ ಮತ್ತೆ ಓದುವ ಮನಸ್ಸಾದರೆ ಎಲ್‌ಎಲ್‌ಬಿಯತ್ತ ಕಣ್ಣು ಹೋಗುವುದರಲ್ಲಿ ಸೋಜಿಗವೇನಿಲ್ಲ. ಹಾಸನದಲ್ಲಿ ಎಂ. ಕೃಷ್ಣ ಕಾನೂನು ಕಾಲೇಜಿದೆ, ಹೊಳೆನರಸೀಪುರದಲ್ಲಿ ಸರ್ಕಾರಿ ಕಾನೂನು ಕಾಲೇಜಿದೆ. ಎರಡೂ 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಮಗಳ ಮದುವೆ ಮುಗಿಸಿದವರು, ಮಗನನ್ನು ಎಂಜಿನಿಯರಿಂಗ್‌ಗೆ ಸೇರಿಸಿದವರು, ಪೊಲೀಸ್ ಇಲಾಖೆಯಿಂದಲೋ ಸೈನ್ಯದಿಂದಲೋ ನಿವೃತ್ತರಾದವರು ಮೂರು ವರ್ಷದ ಕೋರ್ಸಿನ ಅರ್ಜಿ ಹಿಡಿದು ಬರುತ್ತಾರೆ. ಊರಿನವರು ಕೇಳುವ ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ: "ಯಾರ್ ಮ್ಯಾಲೆ ಕೇಸ್ ಹಾಕಕ್ಕವ್ವ ಈಗ ಲಾಯ್ರಾಗ್ತಿರೋದು?"

ಮೊದಲ ಸಲ ಓದು ನಿಂತದ್ದು ದಡ್ಡತನಕ್ಕಲ್ಲ ಎಂಬುದು ಈ ತಾಲ್ಲೂಕಿಗೆ ಚೆನ್ನಾಗಿ ಗೊತ್ತು. ಇಲ್ಲಿನ ಸಂತೇಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್.ಎಲ್. ಭೈರಪ್ಪ ಪ್ಲೇಗಿಗೆ ಒಡಹುಟ್ಟಿದವರನ್ನೂ ತಾಯಿಯನ್ನೂ ಕಳೆದುಕೊಂಡವರು. ಓದನ್ನು ನಡುವೆ ಬಿಟ್ಟು ಅಲೆದು, ಕೂಲಿ ಮಾಡಿ, ಮತ್ತೆ ಮೈಸೂರಿಗೆ ಬಂದು ಪುಸ್ತಕ ಹಿಡಿದವರು. ಅವರು ಹರೆಯದಲ್ಲೇ ಮರಳಿದರು. ಮಳೆ ಕೈಕೊಟ್ಟ ವರ್ಷ, ಅಪ್ಪ ಮಲಗಿದ ವರ್ಷ, ಗಂಡು ನೋಡಿದ ವರ್ಷ ಓದು ಬಿಟ್ಟ ಬಹಳ ಮಂದಿಗೆ ಮರಳುವ ದಾರಿ ತೆರೆಯುವ ಹೊತ್ತಿಗೆ ತಲೆ ನರೆತಿರುತ್ತದೆ.

ಬೀಗ ಬಿದ್ದಿದ್ದ ಬಾಗಿಲು

ಮೂವತ್ತು ವರ್ಷದ ಹಿಂದೆಯಾಗಿದ್ದರೆ ಅವರಲ್ಲಿ ಅನೇಕರು ಕರಿಕೋಟು ತೊಡುವಂತೆಯೇ ಇರಲಿಲ್ಲ. 1993ರ ಆಗಸ್ಟ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ನಿರ್ಣಯ ಮಾಡಿತು: ಅರ್ಜಿ ಹಾಕುವ ದಿನಕ್ಕೆ 45 ವರ್ಷ ತುಂಬಿದವರನ್ನು ವಕೀಲರೆಂದು ನೋಂದಾಯಿಸಿಕೊಳ್ಳಬಾರದು. ಸರ್ಕಾರಿ ಕೆಲಸ ಮುಗಿಸಿದವರು ಹಳೆಯ ಪರಿಚಯ, ಪ್ರಭಾವಗಳನ್ನು ಹೊತ್ತುಕೊಂಡು ಬಂದು ವೃತ್ತಿಯ ಮಟ್ಟ ಕೆಡಿಸುತ್ತಾರೆ ಎಂಬುದು ಪರಿಷತ್ತಿನ ದೂರು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. 1961ರ ವಕೀಲರ ಕಾಯ್ದೆ ಪರಿಷತ್ತಿಗೆ ಕೊಟ್ಟಿರುವುದು ವಕೀಲರಾದವರು ಹೇಗೆ ವೃತ್ತಿ ನಡೆಸಬೇಕೆಂಬ ಷರತ್ತು ಹಾಕುವ ಅಧಿಕಾರ, ವಯಸ್ಸು ನೋಡಿ ಬಾಗಿಲಲ್ಲೇ ತಡೆಯುವ ಅಧಿಕಾರವಲ್ಲ ಎಂದಿತು. ಇನ್ನೊಂದು ಅಂಶವನ್ನೂ ಎತ್ತಿ ತೋರಿಸಿತು. ಹರೆಯದಲ್ಲೇ ಹೆಸರು ನೋಂದಾಯಿಸಿ, ವಕೀಲಿಕೆ ಬಿಟ್ಟು ನೌಕರಿಗೆ ಹೋದವನು ಐವತ್ತಾದ ಮೇಲೂ ಮರಳಿ ಬರಬಹುದು. ಹೊಸದಾಗಿ ಬರುವವನಿಗೆ ಮಾತ್ರ ಅಡ್ಡಿ. ಇದು ಯಾವ ನ್ಯಾಯ?

ಆದರೂ ವಯಸ್ಸಾದವರ ಮೇಲಿನ ಅನುಮಾನ ಸತ್ತುಹೋಗಲಿಲ್ಲ. 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಅದು ಕಾಲೇಜಿನ ಗೇಟಿಗೇ ಬಂದು ನಿಂತಿತು: ಮೂರು ವರ್ಷದ ಕೋರ್ಸಿಗೆ ಸೇರಲು ಸಾಮಾನ್ಯ ವರ್ಗದವರಿಗೆ 30 ವರ್ಷ ಮಿತಿ. ನಡುವೆ ಕೆಲವು ಕಾಲ ಸುಮ್ಮನಿದ್ದು, 2016ರ ಸೆಪ್ಟೆಂಬರ್‌ನಲ್ಲಿ ಪರಿಷತ್ತು ಅದನ್ನೇ ಮತ್ತೆ ಜಾರಿ ಮಾಡಿತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇಂದು ಹಾಸನದ ಕಾಲೇಜೊಂದರಲ್ಲಿ ಐವತ್ತರ ವಿದ್ಯಾರ್ಥಿ ಕೂತಿದ್ದಾನೆ ಎಂದರೆ ಅವನ ಬೆನ್ನ ಹಿಂದೆ ಇಷ್ಟು ಕೋರ್ಟು ನಡೆದಿದೆ.

ಹೊತ್ತಿನ ಲೆಕ್ಕ

ಗೇಟು ತೆರೆದಿದೆ. ಒಳಗಿನ ವೇಳಾಪಟ್ಟಿ ಮಾತ್ರ ಇಪ್ಪತ್ತೆರಡರ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು. ನಡುವಯಸ್ಸಿನ ಓದಿನ ಬಗ್ಗೆ ಬರೆಯುವವರು ಛಲ, ಉತ್ಸಾಹ, ಬತ್ತದ ಜ್ಞಾನದಾಹ ಎಂದೆಲ್ಲ ಹೊಗಳುತ್ತಾರೆ. ಈ ಸೀಮೆಯಲ್ಲಿ ಛಲಕ್ಕೇನೂ ಬರವಿಲ್ಲ. ಸಾಲದಿರುವುದು ಹೊತ್ತು.

ಪರಿಷತ್ತಿನ ನಿಯಮದಂತೆ ಎಲ್‌ಎಲ್‌ಬಿಗೆ ವಾರಕ್ಕೆ ಕನಿಷ್ಠ 30 ಗಂಟೆ ತರಗತಿ ನಡೆಯಬೇಕು, ವಿದ್ಯಾರ್ಥಿ ಅದರಲ್ಲಿ ಶೇ 70ರಷ್ಟಾದರೂ ಹಾಜರಿರಬೇಕು. ಅಂಚೆ ತೆರಪಿನ ಎಲ್‌ಎಲ್‌ಬಿಯಿಂದ ವಕೀಲರಾಗುವಂತಿಲ್ಲ. ಈಗ ಒಬ್ಬಾಕೆಯನ್ನು ಊಹಿಸಿಕೊಳ್ಳೋಣ. ವಯಸ್ಸು 43. ಚನ್ನರಾಯಪಟ್ಟಣಕ್ಕೆ ಹತ್ತಿರದ ಹಳ್ಳಿ, ಮದುವೆಗೆ ಮುಂಚೆ ಮುಗಿಸಿದ ಬಿ.ಎ., ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ. ಐದಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ತಿಂಡಿ ಮಾಡಿಟ್ಟು, ಬಸ್‌ಸ್ಟ್ಯಾಂಡಿಗೆ ಬಂದು ಹಾಸನದ ಬಸ್ಸು ಹಿಡಿದರೆ ಸುಮಾರು ಒಂದು ಗಂಟೆ ದಾರಿ. ಬರುವಾಗ ಮತ್ತೊಂದು ಗಂಟೆ. ಕಾಯುವುದು, ನಡೆಯುವುದು ಸೇರಿದರೆ ದಿನಕ್ಕೆ ಮೂರು ಗಂಟೆ ರಸ್ತೆಯ ಪಾಲು. ವಾರಕ್ಕೆ ಹದಿನೆಂಟು. ತರಗತಿಯೊಂದಿಗೆ ಕೂಡಿಸಿದರೆ ನಲವತ್ತೆಂಟು ಗಂಟೆಯಾಯಿತು. ಇನ್ನೂ ಪುಸ್ತಕ ತೆರೆದಿಲ್ಲ. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬೇಕು. ಅತ್ತೆಯನ್ನು ಆಸ್ಪತ್ರೆಗೆ ತೋರಿಸುವ ದಿನ, ನೆಂಟರ ಮನೆಯ ತಿಥಿ, ತೋಟಕ್ಕೆ ಆಳು ಬಂದ ದಿನ, ಮಗಳ ಪಿಯು ಪರೀಕ್ಷೆ ಎಲ್ಲವೂ ಉಳಿದ ಶೇ 30ರೊಳಗೇ ಮುಗಿಯಬೇಕು.

ಈ ಲೆಕ್ಕದಲ್ಲಿ ಒಂದು ಬಾಬತ್ತು ಈಚೆಗೆ ಹಗುರವಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆ ಯೋಜನೆಯ ಮೇಲೆ ಎಷ್ಟೋ ಚರ್ಚೆ ನಡೆಯಿತು, ಹೆಂಗಸರು ಧರ್ಮಸ್ಥಳಕ್ಕೆ ತುಂಬಿಕೊಂಡು ಹೋದರು ಎಂದು ನಗೆಯಾಡಿದ್ದೂ ಆಯಿತು. ಮೂರು ವರ್ಷ ದಿನವೂ ಎರಡು ಸಲ ಬಸ್ಸು ಹತ್ತಬೇಕಾದ ನಡುವಯಸ್ಸಿನ ವಿದ್ಯಾರ್ಥಿನಿಯನ್ನು ಆ ಚರ್ಚೆಯಲ್ಲಿ ಯಾರೂ ನೆನೆಯಲಿಲ್ಲ. ಗಂಡನ ಕೈಯಿಂದ ಬಸ್‌ಚಾರ್ಜು ಕೇಳದೆ ಕಾಲೇಜಿಗೆ ಹೋಗುವುದೆಂದರೆ ಉಳಿಯುವುದು ದುಡ್ಡೊಂದೇ ಅಲ್ಲ.

ನೌಕರಿಯಲ್ಲಿರುವವರ ಪಾಡು ಇನ್ನೂ ಕಷ್ಟ. ಕಚೇರಿಯಲ್ಲೂ ಸಹಿ, ಕಾಲೇಜಿನಲ್ಲೂ ಹಾಜರಿ ಎಂಬ ಜಾಣತನ ಒಂದು ಕಾಲದಲ್ಲಿ ರಾಜ್ಯದಲ್ಲೆಲ್ಲ ನಡೆದದ್ದು ಗುಟ್ಟೇನಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಪರಿಷತ್ತು ಹೊರಡಿಸಿದ ಸುತ್ತೋಲೆ ಅದಕ್ಕೆ ಕೊನೆ ಹಾಡಹೊರಟಿತು: ಬೆರಳಚ್ಚಿನ ಹಾಜರಿ, ತರಗತಿಯಲ್ಲಿ ಸಿಸಿಟಿವಿ, ಜೊತೆಗೆ ಓದುವ ಹೊತ್ತಿನಲ್ಲಿ ಬೇರೆ ಉದ್ಯೋಗವಿದೆಯೇ ಎಂಬ ಘೋಷಣೆ. ಕಳ್ಳ ಹಾಜರಿ ನಿಲ್ಲಬೇಕಾದದ್ದೇ. ನಿಲ್ಲಿಸಿದ ಮೇಲೆ ದುಡಿಯುವವರು ನೆಟ್ಟಗೆ ಓದಲು ಯಾವ ದಾರಿಯಿದೆ ಎಂಬುದಕ್ಕೆ ಸುತ್ತೋಲೆಯಲ್ಲಿ ಉತ್ತರವಿಲ್ಲ.

ಸೇರುವ ಮುನ್ನ ನೋಡಿಕೊಳ್ಳಬೇಕಾದ ಇನ್ನೊಂದು ಗುಂಡಿಯಿದೆ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45 ಅಂಕ ಬೇಕು, ಸರಿ. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಾಡದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಕಟ್ಟಿ ಪಾಸಾದವರಿಗೆ ಎಲ್‌ಎಲ್‌ಬಿಗೆ ಪ್ರವೇಶವಿಲ್ಲ. ಹರೆಯದಲ್ಲಿ ಓದು ತಪ್ಪಿದವರೇ ಆ ಹತ್ತಿರದ ದಾರಿ ಹಿಡಿದವರು, ಆದ್ದರಿಂದ ಇಲ್ಲಿ ಎಡವುವವರೂ ಅವರೇ. ಮುಕ್ತ ವಿವಿಯ ಹೆಸರೆತ್ತಿದರೆ ಇನ್ನೊಂದು ಗಾಯವೂ ನೆನಪಾಗುತ್ತದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರಿಂದ ಯುಜಿಸಿ ಮಾನ್ಯತೆ ಇಲ್ಲವಾಗಿ, ಅದು ಮರಳಿ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಫೀಸು ಕಟ್ಟಿ ಪಾಸಾದವರು ಪ್ರಮಾಣಪತ್ರ ಹಿಡಿದು ಅಲೆದರು. ಇಪ್ಪತ್ತರವರಿಗೆ ಎರಡು ವರ್ಷ ಹೋದರೆ ಮತ್ತೊಂದು ಕೋರ್ಸಿದೆ. ನಲವತ್ತಾರರವರಿಗೆ?

ತರಗತಿಯೊಳಗೆ

ಪಕ್ಕದ ಬೆಂಚಿನ ಹುಡುಗಿ ಮೊದಮೊದಲು "ಆಂಟಿ" ಎನ್ನುತ್ತಾಳೆ, ನೋಟ್ಸು ಕೊಟ್ಟು ತೆಗೆದುಕೊಳ್ಳುವ ಹೊತ್ತಿಗೆ "ಅಕ್ಕ" ಆಗಿರುತ್ತದೆ. ಪಾಠ ಮಾಡುವ ಮೇಷ್ಟ್ರು ತನಗಿಂತ ಹತ್ತು ವರ್ಷ ಚಿಕ್ಕವರಾದರೂ "ಸಾರ್" ಎಂದೇ ಏಳಬೇಕು. ಇದೆಲ್ಲ ತಿಂಗಳೊಪ್ಪತ್ತಿನಲ್ಲಿ ರೂಢಿಯಾಗುತ್ತದೆ. ರೂಢಿಯಾಗದೆ ಕಾಡುವುದು ಮೂರು ಗಂಟೆ ಕೈ ನೋಯಿಸಿಕೊಂಡು ಬರೆಯುವ ಪರೀಕ್ಷೆ. ಇಪ್ಪತ್ತು ವರ್ಷ ಪಾತ್ರೆ ಹಿಡಿದ, ಸ್ಟೀರಿಂಗ್ ಹಿಡಿದ, ಕೀಲಿಮಣೆ ಒತ್ತಿದ ಬೆರಳಿಗೆ ಪೆನ್ನಿನ ಅಭ್ಯಾಸ ಹೋಗಿರುತ್ತದೆ. ಉತ್ತರ ಗೊತ್ತಿದ್ದೂ ಪುಟ ತುಂಬುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಕಾನೂನಿಗಿಂತ ಮೊದಲು ಬರವಣಿಗೆಯನ್ನೇ ರೂಢಿಸಿಕೊಳ್ಳಬೇಕು.

ಇಂಗ್ಲಿಷ್ ಭಯಕ್ಕೆ ಮಾತ್ರ ಒಂದು ಸಮಾಧಾನವಿದೆ. ಕಾನೂನು ವಿವಿಯ ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಅಚ್ಚಾಗಿರುತ್ತದೆ, ಉತ್ತರವನ್ನು ಪೂರ್ತಿ ಕನ್ನಡದಲ್ಲಿ ಬರೆಯಬಹುದು. ತಾಲ್ಲೂಕಿನ ಕೋರ್ಟಿನಲ್ಲಿ ಸಾಕ್ಷಿಯ ವಿಚಾರಣೆ ನಡೆಯುವುದೂ ಕನ್ನಡದಲ್ಲೇ ತಾನೆ. ತೀರ್ಪುಗಳ ಸಂಪುಟಗಳೂ ಒಳ್ಳೆಯ ವ್ಯಾಖ್ಯಾನಗಳೂ ಇಂಗ್ಲಿಷಿನಲ್ಲಿವೆ ಎಂಬ ತೊಡಕು ಇದ್ದೇ ಇದೆ. ಆದರೂ ಕನ್ನಡ ಮಾಧ್ಯಮದ ಹಳೆಯ ಬಿ.ಎ.ಯವರು ಎದೆಗುಂದಬೇಕಾದ ಕೋರ್ಸು ಇದಲ್ಲ.

ಪಾಠ ಜೀವನಕ್ಕೆ ತಾಗುವ ಕಡೆ ವಯಸ್ಸಾದವರೇ ಮುಂದು. ಹಿಂದೂ ಉತ್ತರಾಧಿಕಾರದ ಪಾಠವನ್ನೇ ನೋಡಿ. ಇಪ್ಪತ್ತೆರಡರ ಹುಡುಗನಿಗೆ ಅದು ತಾರೀಕುಗಳ ಪಟ್ಟಿ: ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಅಂದಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಮಾತೆತ್ತದೆ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು, 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು 2005ರ ಆ ದಿನಕ್ಕೆ ತಂದೆ ಬದುಕಿರಬೇಕಿಲ್ಲ ಎಂದಿತು. ನಲವತ್ಮೂರರ ಹೆಂಗಸಿಗೆ ಈ ತಾರೀಕುಗಳೆಲ್ಲ ಮನೆಯ ಇತಿಹಾಸ. ಅಕ್ಕನ ಮದುವೆ ಯಾವ ವರ್ಷ, ಅಪ್ಪ ತೀರಿಕೊಂಡದ್ದು ಯಾವಾಗ, ಅಣ್ಣ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಂಡದ್ದು ಯಾವ ಹಬ್ಬದ ಮುಂದಿನ ವಾರ, ಆ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರು ಸಾಕ್ಷಿ ಹಾಕಿದರು ಎಲ್ಲವೂ ನೆನಪಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಭಾಗಪತ್ರವನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ ಎಂದು ಮೇಷ್ಟ್ರು ಹೇಳಿದಾಗ ತರಗತಿಯಲ್ಲಿ ಒಬ್ಬಿಬ್ಬರ ಪೆನ್ನು ನಿಲ್ಲುತ್ತದೆ.

ಇನ್ನೊಂದು ಅನುಕೂಲವೂ ಈಗ ಒದಗಿದೆ, ತಾನಾಗಿಯೇ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ದಂಡ ಸಂಹಿತೆಯ ಹಳೆಯ ಸೆಕ್ಷನ್ನುಗಳೆಲ್ಲ ಜಾಗ ಬದಲಿಸಿದವು. ಕೊಲೆಯ 302 ಈಗ 103. ಬೈಗುಳವೇ ಆಗಿಹೋಗಿದ್ದ 420 ಈಗ 318ರ ಒಂದು ಉಪವಿಧಿ. ಮೂವತ್ತು ವರ್ಷ ವಕಾಲತ್ತು ಮಾಡಿದ ಹಿರಿಯರೂ ಮೊಬೈಲ್ ತೆಗೆದು ಹೊಸ ನಂಬರು ನೋಡಿಕೊಂಡು ವಾದಿಸುವ ಕಾಲ. ಹೊಸದಾಗಿ ಬಂದ ಐವತ್ತರವರು ಈ ಒಂದು ವಿಷಯದಲ್ಲಿ ಹಿರಿಯರಿಗಿಂತ ಹಿಂದೇನಿಲ್ಲ.

ಕೋಟು ತೊಟ್ಟ ಮೇಲೆ

ಪಾಸಾದ ಮೇಲಿನ ಖರ್ಚು ತಗ್ಗಿದೆ. ರಾಜ್ಯ ಪರಿಷತ್ತುಗಳು ಸಾವಿರಗಟ್ಟಲೆ ನೋಂದಣಿ ಶುಲ್ಕ ವಸೂಲು ಮಾಡುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತಡೆದು, ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಎಂದಿತು. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ದಾಟಬೇಕು. ಅದಕ್ಕಿಂತ ದೊಡ್ಡ ಲೆಕ್ಕ ಬೇರೆಯಿದೆ. ವಕೀಲರಾದವರು ಪೂರ್ಣಕಾಲದ ಸಂಬಳದ ಕೆಲಸದಲ್ಲಿರುವಂತಿಲ್ಲ, ಸ್ವತಃ ವ್ಯಾಪಾರ ನಡೆಸುವಂತಿಲ್ಲ. ತೆಂಗಿನ ತೋಟ ಇಟ್ಟುಕೊಳ್ಳಬಹುದು, ಕೊಬ್ಬರಿ ಮಂಡಿಯ ಗಲ್ಲಾದಲ್ಲಿ ಕೂರುವಂತಿಲ್ಲ. ಸಿವಿಲ್ ಜಡ್ಜ್ ಹುದ್ದೆಗೆ ವಯೋಮಿತಿಯಿದೆ, ಆ ಆಸೆ ಬಿಡಬೇಕು. ನೋಟರಿಯಾಗಲು 10 ವರ್ಷ ವಕೀಲಿಕೆ ಆಗಿರಬೇಕು. ಹೆಂಗಸರಿಗೆ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ 7. ಸೀನಿಯರ್ ಆಫೀಸಿನಲ್ಲಿ ಮೊದಲ ಕೆಲವು ವರ್ಷ ಕೈಗೆ ಬರುವುದು ಪೆಟ್ರೋಲಿಗೂ ಸಾಲದು. ಪಿಂಚಣಿ ಇರುವವರು, ತೋಟದ ಆದಾಯ ಇರುವವರು ತಡೆದುಕೊಳ್ಳುತ್ತಾರೆ. ಇವೆರಡೂ ಇಲ್ಲದೆ, ಸಾಲ ತೀರಿಸಲೆಂದು ಈ ವೃತ್ತಿಗೆ ಬರುತ್ತೇನೆ ಎನ್ನುವ ನಲವತ್ತೈದರವರಿಗೆ ಬೇಡವೆಂದೇ ಹೇಳಬೇಕಾಗುತ್ತದೆ.

ಒಲ್ಲದ ಓದು

ವಕೀಲರ ಪರಿಷತ್ತು 30ಕ್ಕೇ ವಯಸ್ಸಾಯಿತು ಎನ್ನುತ್ತಿದ್ದ ಇದೇ ದೇಶದಲ್ಲಿ, ಶಿಕ್ಷಕರಿಗೆ ಐವತ್ತಾದರೂ ಓದದೆ ವಿಧಿಯಿಲ್ಲ ಎಂದಾಗಿದೆ. 2017ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಬಂದು, ತರಬೇತಿಯಿಲ್ಲದೆ ಪಾಠ ಮಾಡುತ್ತಿದ್ದ ಪ್ರಾಥಮಿಕ ಶಿಕ್ಷಕರೆಲ್ಲ 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಬೇಕೆಂದಾಯಿತು. ದೇಶದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ, ಅದರಲ್ಲೂ ಖಾಸಗಿ ಶಾಲೆಯ ಅಲ್ಪ ಸಂಬಳದ ಟೀಚರುಗಳು, ಎನ್‌ಐಒಎಸ್‌ನ ಡಿ.ಎಲ್.ಎಡ್.ಗೆ ಸೇರಿ ರಾತ್ರಿ ಅಸೈನ್‌ಮೆಂಟ್ ಬರೆದರು. ಆ 18 ತಿಂಗಳ ಡಿಪ್ಲೊಮಾ ಎರಡು ವರ್ಷದ ಡಿಪ್ಲೊಮಾಕ್ಕೆ ಸಮವಲ್ಲ ಎಂಬ ಸುಪ್ರೀಂ ಕೋರ್ಟಿನ ತೀರ್ಪು 2023ರ ನವೆಂಬರ್‌ನಲ್ಲಿ ಬಂತು. ಹೊಸ ನೇಮಕಾತಿಗೆ ಅರ್ಜಿ ಹಾಕಿದ್ದವರು ಎಷ್ಟು ಕಂಗೆಟ್ಟಿರಬೇಡ.

ಈಗ ಸರದಿ ತರಬೇತಿ ಪಡೆದ ಕಾಯಂ ಶಿಕ್ಷಕರದು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲವಿರುವ ಪ್ರಾಥಮಿಕ ಶಿಕ್ಷಕರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸು ಮಾಡಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದಿತು. ಐದು ವರ್ಷದೊಳಗೆ ನಿವೃತ್ತರಾಗುವವರು ಉಳಿದುಕೊಂಡರು, ಬಡ್ತಿ ಬೇಕೆಂದರೆ ಅವರಿಗೂ ಪಾಸು ಬೇಕು. ಮರುಪರಿಶೀಲನೆ ಕೇಳಿ ಅರ್ಜಿಗಳು ಹೋಗಿವೆ, ಆದರೆ ಅದನ್ನು ನಂಬಿ ಪುಸ್ತಕ ಮುಚ್ಚಿಡುವ ಧೈರ್ಯ ಯಾರಿಗಿದೆ? ಕರ್ನಾಟಕದಲ್ಲಿ ನಿವೃತ್ತಿ 60ಕ್ಕೆ. ಅಂದರೆ ಟಿಇಟಿ ಎಂಬುದೇ ಇಲ್ಲದ ಕಾಲದಲ್ಲಿ ನೇಮಕವಾದ ನುಗ್ಗೇಹಳ್ಳಿಯ, ಬಾಗೂರಿನ, ದಂಡಿಗನಹಳ್ಳಿಯ ಐವತ್ನಾಲ್ಕರ ಮೇಷ್ಟ್ರೂ 150 ಅಂಕದ ಪತ್ರಿಕೆಗೆ ಕೂರಬೇಕು, ಸಾಮಾನ್ಯ ವರ್ಗದವರಾದರೆ 90 ತೆಗೆಯಬೇಕು.

ನಲಿ-ಕಲಿಯಲ್ಲಿ ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ವರ್ಷಗಟ್ಟಲೆ ಪಾಠ ಮಾಡಿದವರು ಈಗ ಮನೋವಿಜ್ಞಾನಿಗಳಾದ ಪಿಯಾಜೆ, ವೈಗಾಟ್‌ಸ್ಕಿ ಹೇಳಿದ್ದೇನು ಎಂಬುದಕ್ಕೆ ನಾಲ್ಕರಲ್ಲಿ ಸರಿಯಾದುದಕ್ಕೆ ಗುರುತು ಹಾಕಬೇಕು. ಶಿಕ್ಷಕರು ಓದಬಾರದು ಎಂದಲ್ಲ. ಓದದ ಮೇಷ್ಟ್ರಿಂದ ಆದ ನಷ್ಟವನ್ನು ಹಳ್ಳಿಯ ಮಕ್ಕಳು ತುಂಬಿದ್ದಾರೆ. ಆದರೆ ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಜಾತಿ ಸಮೀಕ್ಷೆಗೆ ಮನೆಮನೆ ಅಲೆತ ಎಲ್ಲವನ್ನೂ ಅದೇ ಮೇಷ್ಟ್ರ ಹೆಗಲಿಗೆ ಹಾಕಿ, ಮಿಕ್ಕ ಹೊತ್ತಿನಲ್ಲಿ ಓದಿ ಪಾಸಾಗು ಎನ್ನುವುದು ಸರಿಯೆನಿಸದು. ಕೋರ್ಟು ಎರಡು ವರ್ಷ ಕೊಟ್ಟಿದೆ. ದಿನಕ್ಕೊಂದು ಗಂಟೆಯನ್ನು ಯಾರೂ ಕೊಟ್ಟಿಲ್ಲ.

ಇನ್ನು ವೈದ್ಯ ಶಿಕ್ಷಣಕ್ಕೂ ವಯಸ್ಸಿನ ಮಿತಿ ಹೋಯಿತು ಎಂಬ ಸುದ್ದಿ ಆಗಾಗ ಹರಿದಾಡುತ್ತದೆ. ನಿಜವೇ. ನೀಟ್ ಬರೆಯಲು ಇದ್ದ ಮೇಲ್ಮಿತಿಯನ್ನು 2022ರ ಮಾರ್ಚ್‌ನಲ್ಲಿ ತೆಗೆದರು. ಅದಕ್ಕೂ ಮುಂಚೆ, 2020ರಲ್ಲಿ, ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿ ಜಯಕಿಶೋರ್ ಪ್ರಧಾನ್ 64ನೇ ವಯಸ್ಸಿನಲ್ಲಿ ಎಂಬಿಬಿಎಸ್‌ಗೆ ಸೇರಿ ಸುದ್ದಿಯಾದರು. ಓದಿ ಮೆಚ್ಚಬೇಕಾದದ್ದು, ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ನಮಗೆ ಹತ್ತಿರದ ಉದಾಹರಣೆ ಬೇಕಿದ್ದರೆ ಬೇಂದ್ರೆಯವರಿದ್ದಾರೆ. ಕವನಕ್ಕಾಗಿ ಜೈಲು ಕಂಡು, ಶಾಲೆಯ ಕೆಲಸ ಕಳೆದುಕೊಂಡು, ಮನೆ ತುಂಬ ಕಷ್ಟವಿದ್ದಾಗ 1935ರಲ್ಲಿ, 39ನೇ ವಯಸ್ಸಿಗೆ, ಎಂ.ಎ. ಮಾಡಿಕೊಂಡರು. ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದದ್ದು 1944ರಲ್ಲಿ. ಪದವಿಗೂ ಕೆಲಸಕ್ಕೂ ನಡುವೆ ಒಂಬತ್ತು ವರ್ಷ!

ಮತ್ತೆ ಹಾಸನದ ಕಾನೂನು ತರಗತಿಗೆ ಬರೋಣ. ಹೊಸ ಕಾಯ್ದೆ ಏನೂ ಬೇಕಿಲ್ಲ. ಪರಿಷತ್ತಿನ 2008ರ ನಿಯಮಗಳೇ ಬೆಳಗ್ಗೆ 8ರಿಂದ ಸಂಜೆ 7ರವರೆಗೆ ಯಾವಾಗ ಬೇಕಾದರೂ ತರಗತಿ ನಡೆಸಲು ಬಿಟ್ಟಿವೆ, ಗ್ರಂಥಾಲಯ ರಾತ್ರಿ 10ರವರೆಗೂ ತೆರೆದಿರಬಹುದು ಎಂದಿವೆ. ಮಧ್ಯಾಹ್ನ ಎರಡರಿಂದ ಏಳರವರೆಗೆ, ವಾರಕ್ಕೆ ಆರು ದಿನ ಒಂದು ಪಾಳಿ ಮಾಡಿದರೆ 30 ಗಂಟೆ ಸರಿಯಾಗಿ ತುಂಬುತ್ತದೆ. ಬೆಳಗಿನ ಮನೆಗೆಲಸ, ತೋಟದ ಕೆಲಸ, ಅರ್ಧ ದಿನದ ದುಡಿಮೆ ಮುಗಿಸಿ ಬರುವವರಿಗೆ ಅಷ್ಟು ಸಾಕು. ಏಳೂವರೆಗೆ ಹಾಸನ ಬಿಟ್ಟರೂ ಬಸ್ಸಿಗೆ ಬರವಿಲ್ಲ. ಬೆಂಗಳೂರಿಗೆ ಹೋಗುವ ಗಾಡಿಗಳು ಚನ್ನರಾಯಪಟ್ಟಣದ ಮೇಲೆಯೇ ಹಾಯಬೇಕು. ಸಂಜೆಯ ಹಾಲು ಕರೆಯುವುದಕ್ಕೆ ಮಾತ್ರ ಮನೆಯಲ್ಲಿರುವ ಗಂಡಸರು ಕೈ ಹಾಕಬೇಕಾಗುತ್ತದೆ.